ಪುಟ್ಟರಾಜುವಿನ ಫ್ಲೆಕ್ಸ್

ಶಕುನ, ಸೂಚನೆ ಎಂದರೆ ನಗುತ್ತಿದ್ದವನು ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಪಾಂಡವಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದೆ. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದ್ದೆ.

ಚಿನಕುರಳಿಯ ಟ್ರಾಕ್ಟರ್ ಡ್ರೈವರ್ ಪುಟ್ಟರಾಜು ಮನೆಯಲ್ಲಿ ಜಗಳವಾಡಿ ಹೋದವನು ವಾರವಾದರೂ ಬಂದಿರಲಿಲ್ಲ. ಅಷ್ಟರಲ್ಲಿ ನಾಲೆಯಲ್ಲಿ ಒಂದು ಹೆಣ ಸಿಕ್ಕಿತು. ಮುಖ ಗುರುತು ಹಿಡಿಯುವಂತಿರಲಿಲ್ಲ. ಅಂಗಿ ನೋಡಿ ಪೊಲೀಸರು ಅವನೇ ಎಂದರು. ಗೆಳೆಯರು ಸರ್ಕಲ್ಲಿನಲ್ಲಿ ಕಟ್ಟಲು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಬಂದರು. ಹಿಂದೆಯೇ ಅವನ ಹೆಂಡತಿ ಗೌರಮ್ಮ ಓಡಿಬಂದಳು.

"ಅದು ಅವ್ರಲ್ಲ ಕಣಣ್ಣ. ಫ್ಲೆಕ್ಸ್ ಕಟ್ಬುಟ್ರೆ ಊರೆಲ್ಲ ಒಪ್ಕೊಂಬುಟ್ಟು ನನ್ ಬಳೆ ಒಡುಸ್ತದೆ."

"ಹೋಗವ್ವ, ಪೊಲೀಸ್ನೋರಿಗಿಂತ ನೀನು ಬುದ್ಧಿವಂತೆಯಾ?" ಎಂದುಬಿಟ್ಟೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಪ್ರಿಂಟ್ ಕೊಟ್ಟ ಕೂಡಲೇ ಕಂಪ್ಯೂಟರ್ ಪರದೆ ನೀಲಿಯಾಗಿ ನಿಂತುಹೋಯಿತು. ಮತ್ತೆ ಕೊಟ್ಟೆ, ಮತ್ತೆ ನೀಲಿ. ಶ್ರೀರಂಗಪಟ್ಟಣದಿಂದ ಮೆಕ್ಯಾನಿಕ್ ಇರ್ಫಾನನನ್ನು ಕರೆಸಿದೆ. ಕಂಪ್ಯೂಟರ್ ಹಾಗೆ ಬೀಳುವಾಗ ಒಳಗೆ ಯಾವ ಪ್ರೋಗ್ರಾಂ ಓಡುತ್ತಿತ್ತು ಎಂಬ ಗುರುತನ್ನು ಉಳಿಸಿಕೊಂಡಿರುತ್ತದಂತೆ. ಅದನ್ನು ತೆರೆದು ನೋಡಿ, "ಸಿಕ್ಬುಟ್ಟ ಕಳ್ಳ. ಬಣ್ಣ ಹೊಂದ್ಸೋ ನಿಮ್ ಹಳೇ ಪ್ರೋಗ್ರಾಂ ಯಜಮಾನ್ರೇ," ಎಂದು ಅದನ್ನು ಕಿತ್ತುಹಾಕಿ ಹೊಸದನ್ನು ಹಾಕಿದ. ಪರೀಕ್ಷೆಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕೊಟ್ಟೆವು, ಚೆನ್ನಾಗಿ ಬಂತು. ಪುಟ್ಟರಾಜುವಿನದು ಕೊಟ್ಟೆವು, ನೀಲಿ.

ಇರ್ಫಾನ್ ಮತ್ತೆ ಗುರುತು ತೆಗೆದ. ಕಿತ್ತುಹಾಕಿದ್ದ ಅದೇ ಪ್ರೋಗ್ರಾಮಿನ ಹೆಸರು. ಕಂಪ್ಯೂಟರೆಲ್ಲ ಜಾಲಾಡಿದ, ಅದು ಎಲ್ಲೂ ಇರಲಿಲ್ಲ.

"ಇಲ್ದೇ ಇರೋದು ಎಂಗ್ ಓಡ್ತದೆ?" ಎಂದು ನನ್ನ ಮುಖ ನೋಡಿದ.

"ಕೆ.ಆರ್. ಪೇಟೇಲಿ ಮಾಡುಸ್ಕೋತೀವಿ ಬುಡಿ," ಎಂದು ಗೆಳೆಯರು ಎದ್ದರು. ಮೆಟ್ಟಿಲಿಳಿಯುವಾಗ ಅವರಲ್ಲೊಬ್ಬನಿಗೆ ಫೋನ್ ಬಂತು. ಪುಟ್ಟರಾಜು ಬೆಳ್ಳೂರು ಕ್ರಾಸಿನ ಹೋಟೆಲಲ್ಲಿ ಲೋಟ ತೊಳೆಯುತ್ತಿದ್ದನಂತೆ. ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ಗೌರಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮಿಕ್ಕಿದ್ದನ್ನು ನಾನು ಯಾರಿಗೂ ಹೇಳಿಲ್ಲ. ಮರುದಿನ ಒಬ್ಬನೇ ಇದ್ದಾಗ, ಬದುಕಿರುವವನಿಗೆ ಮಾಡಬಾರದ್ದು ಎಂದು ತಿಳಿದೂ, ಅದೇ ಫ್ಲೆಕ್ಸನ್ನು ಪ್ರಿಂಟಿಗೆ ಕೊಟ್ಟೆ. ಒಂದು ಅಡ್ಡಿಯೂ ಇಲ್ಲದೆ ಬಂತು. ಹೂವಿನ ಹಾರದ ನಡುವೆ ಪುಟ್ಟರಾಜು ನಗುತ್ತಿದ್ದ. ಹರಿಯಲಾಗದೆ ಹಿತ್ತಲಲ್ಲಿ ಸುಟ್ಟೆ.

ಅಂದು ತಡೆದದ್ದು ಏನು, ಮರುದಿನ ಬಿಟ್ಟುಕೊಟ್ಟದ್ದು ಏಕೆ, ನನಗೆ ಗೊತ್ತಿಲ್ಲ. ಪುಟ್ಟರಾಜು ನಾಲ್ಕು ದಿನ ಪೇಟೆಯಲ್ಲಿ ಕಾಣದಿದ್ದರೆ ಏನಾದರೂ ನೆಪ ತೆಗೆದು ಫೋನ್ ಮಾಡುತ್ತೇನೆ. ಗೌರಮ್ಮ ಎತ್ತುತ್ತಾಳೆ.

"ಅವ್ರೆ ಕಣಣ್ಣ, ಉಣ್ತಾ ಕೂತವ್ರೆ," ಎನ್ನುತ್ತಾಳೆ.