ಹಾರದ ಮೊಳೆ

ಡೊಂಬಿವಲಿಯ ನಮ್ಮ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ಕಳೆದ ವಾರ ಗೋಡೆಯಿಂದ ಅಪ್ಪನ ಫೋಟೊ ಇಳಿಸಿದಾಗ ಚೌಕಟ್ಟಿನಿಂದ ಹಳೆಯ ಪಾಲಿಶ್ ವಾಸನೆ ಬಂತು. ವಿಠ್ಠಲವಾಡಿ ಸ್ಟೇಷನ್ ಬಳಿಯ ಫ್ರೇಮಿನಂಗಡಿಯವರು ನೆನಪಾದರು. ಇಲ್ಲಿ ಬರೆಯುವುದರಲ್ಲಿ ಕೆಲವು ತಪ್ಪಿರಬಹುದು. ಅವರ ಮೀಸೆ ಬೆಳ್ಳಗಿತ್ತೋ, ಮರದ ಹೊಟ್ಟು ಕೂತು ಹಾಗೆ ಕಾಣುತ್ತಿತ್ತೋ...

ಅವರು ವಿಜಯಪುರದ ಕಡೆಯವರು. ಒಬ್ಬರೇ ಇರುವ ಫೋಟೊ ಬಂದರೆ ಅಳತೆ ತೆಗೆಯುವ ಮೊದಲು ದನಿ ತಗ್ಗಿಸಿ, ‘ಹಾರದ ಮೊಳಿ ಹೊಡೀಲೇನ್ರಿ?’ ಎನ್ನುತ್ತಿದ್ದರು. ಚೌಕಟ್ಟಿನ ಮೇಲಿನ ಮೂಲೆಗಳಲ್ಲಿ ಹಾರ ಸಿಕ್ಕಿಸಲು ಎರಡು ಹಿತ್ತಾಳೆ ಮೊಳೆ. ಬದುಕಿರುವವರ ಫೋಟೊಗೆ ಅದನ್ನು ಯಾರೂ ಹೊಡೆಸುವುದಿಲ್ಲ.

ಅವರ ತಲೆಯ ಹಿಂದೆ, ದೇವರ ಪಟಗಳ ನಡುವೆ, ಒಂದು ಕರಿಯ ಚಿತ್ರ ತೂಗುತ್ತಿತ್ತು. ಯುರೋಪಿನಲ್ಲಿ ಐನೂರು ವರ್ಷದ ಹಿಂದೆ ಮರದಲ್ಲಿ ಕೊರೆದು ಅಚ್ಚೊತ್ತಿದಂಥದ್ದರ ಪ್ರತಿ ಎಂದು ಕಾಲೇಜು ಸೇರಿದ ಮೇಲೆ ತಿಳಿಯಿತು. ಊಟಕ್ಕೆ ಕೂತ ರಾಜ. ಬಗ್ಗಿ ಅವನ ಬಟ್ಟಲಿಗೆ ಮದ್ಯ ಸುರಿಯುವ ಅಸ್ಥಿಪಂಜರ. ಮೇಲೆ ಮೋಡದಲ್ಲಿ ಖಡ್ಗ ಹಿಡಿದು ತೀರ್ಪಿಗೆ ಕೂತ ದೇವರು. ರಾಜ ಬಡಿಸುವವನ ಮುಖ ನೋಡಿರಲಿಲ್ಲ. ಫ್ರೇಮ್ ಹಾಕಲು ಕೊಟ್ಟವನು ಅದನ್ನು ಒಯ್ಯಲು ಬರಲೇ ಇಲ್ಲವಂತೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತಮ್ಮದೊಂದು ಫೋಟೊಗೆ ಚೌಕಟ್ಟು ಹಾಕಿಸಲು ನನ್ನನ್ನೂ ಕರೆದೊಯ್ದಿದ್ದರು. ಹೋಟೆಲಿನ ಗಲ್ಲಾದಲ್ಲಿ ಕೂತು ತಲೆ ನರೆಸಿಕೊಂಡವರು ಅವರು. ಚಿತ್ರ ನೋಡಿ ನಕ್ಕರು.

‘ಸಪ್ಲೈಯರ್ ಭಾರಿ ಸಪೂರ ಮಾರಾಯ್ರೆ! ನಮ್ಮಲ್ಲಿಗೆ ಕಳಿಸಿ, ನಾಲ್ಕು ದಿನದಲ್ಲಿ ದಪ್ಪ ಮಾಡ್ತೇನೆ.’

‘ಇಂವ ಬರೇ ಬಡಸಾಂವ್ರಿ ಸಾಹೇಬ್ರ. ಬಿಲ್ ಬರಿಯಾಂವ ಮ್ಯಾಲ ಕುಂತಾನ.’

ಹಾಗೆನ್ನುತ್ತಲೇ ಫೋಟೊ ತೆಗೆದುಕೊಂಡು, ರೂಢಿಯಂತೆ ಮೊಳೆಯ ಮಾತು ಕೇಳಿಬಿಟ್ಟರು. ಕೂಡಲೇ ನಾಲಿಗೆ ಕಚ್ಚಿಕೊಂಡು, ‘ತಪ್ಪಾತ್ರಿ’ ಎಂದು ಕೆನ್ನೆ ಬಡಿದುಕೊಂಡರು. ಅಪ್ಪ ‘ಬೇಡ’ ಎಂದರು. ಅಂದರು ಎಂದೇ ಇಷ್ಟು ವರ್ಷ ನಂಬಿದ್ದೆ. ಈಗ ನೆನೆದರೆ ಅವರು ಆ ಕರಿಯ ಚಿತ್ರವನ್ನೇ ನೋಡುತ್ತ ನಿಂತದ್ದು ಮಾತ್ರ ಕಾಣುತ್ತದೆ, ದನಿ ಕೇಳುವುದಿಲ್ಲ...

ಆ ಫೋಟೊ ಆಗ ಮನೆಗೆ ಬರಲಿಲ್ಲ. ಅಪ್ಪ ಹೊಟ್ಟೆನೋವನ್ನು ಆಸಿಡಿಟಿ ಎನ್ನುತ್ತಲೇ ಇದ್ದು, ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಹೋದರು. ಕೋಪರಖೈರಣೆಯ ಅತ್ತೆ, ಅಪ್ಪನ ತಂಗಿ, ಪೇಪರಿನಲ್ಲಿ ಸುತ್ತಿ ಅದನ್ನು ತಂದರು. ಅಪ್ಪನೇ ಅವರ ಮನೆಯಲ್ಲಿ ಇಟ್ಟುಹೋಗಿದ್ದರಂತೆ. ಮೊಳೆಗಳಿದ್ದವು. ಅತ್ತೆ ಹೊಡೆಸಿರಬೇಕು ಎಂದುಕೊಂಡೆವು.

ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅಂಗಡಿಯವರು ಊರಲ್ಲಿ ತೀರಿಕೊಂಡರೆಂದು ಪಕ್ಕದ ಚಹಾದವನು ಹೇಳಿದ. ಅವರ ಫೋಟೊಗೆ ಚೌಕಟ್ಟು ಹಾಕಿದವರು ಯಾರೋ. ಕೇಳಬೇಕಾದವರೇ ಇಲ್ಲ.

ಮನೆಗೆ ಬಂದು ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಮೊಳೆಗಳ ತಲೆಯ ಮೇಲೂ ಅದೇ ಪಾಲಿಶ್ ಹರಿದು ಒಣಗಿದೆ. ಅಂದರೆ ಚೌಕಟ್ಟು ಮಾಡುವಾಗಲೇ ಹೊಡೆದದ್ದು, ಅಪ್ಪ ಇದ್ದಾಗಲೇ.

ಭಾನುವಾರ ಅದನ್ನು ಅತ್ತೆಯ ಮನೆಗೆ ಒಯ್ದೆ. ಅವರು ಸೆರಗಿನಿಂದ ಗಾಜು ಒರೆಸಿದರು. ಕೈ ಮೊಳೆಯ ಹತ್ತಿರ ಬಂದಾಗ ನಿಂತಿತು. ‘ಚಾ ಇಡ್ತೇನೆ, ಕೂತ್ಕೋ’ ಎಂದು ಒಳಗೆ ಹೋದರು. ಚಹಾ ಬಂತು, ಕುಡಿದದ್ದೂ ಆಯಿತು. ಅವರು ಗಾಜು ಒರೆಸುತ್ತಿದ್ದಾಗ ನಾನು ಕೇಳಿದ್ದು ಇಷ್ಟೇ:

‘ಅತ್ತೆ, ತಾನು ಉಳಿಯುವುದಿಲ್ಲ ಅಂತ ಅಪ್ಪ ನಿಮಗೆ ಹೇಳಿದ್ರಾ?’