ಪೆಟ್ಟಿಗೆ ಸೈಕಲ್ಲಿನ ಪರವಾಗಿ ನಾನು ಮಾತಾಡಿದ್ದು

ಅಕ್ಕ ಆ ಸೈಕಲ್ ತಂದ ದಿನ ನಾನು ಅದರ ವಿರುದ್ಧ ಆರು ಕಾರಣ ಕೊಟ್ಟೆ. ಯಾರೂ ಕೇಳಿರಲಿಲ್ಲ.

ಮುಂದೆ ಎರಡು ಗಾಲಿ, ಹಿಂದೆ ಒಂದು. ಮುಂದಿನ ಎರಡರ ನಡುವೆ ಮರದ ದೊಡ್ಡ ಪೆಟ್ಟಿಗೆ, ಅದರೊಳಗೆ ಎದುರುಬದುರಾಗಿ ಎರಡು ಪುಟ್ಟ ಬೆಂಚು, ತುಳಿಯುವವರ ಕಾಲಿಗೆ ಆಸರೆಯಾಗಿ ಒಂದು ಸಣ್ಣ ಮೋಟಾರು. ಕಾರ್ಗೋ ಬೈಕ್ ಅಂತ ಅದರ ಹೆಸರು. ಅಕ್ಕನ ಇಬ್ಬರು ಹೆಣ್ಣುಮಕ್ಕಳು ಮಲಯಾಳಂನಲ್ಲಿ ವಳ್ಳಂ ಅಂದರು, ದೋಣಿ. ಅಮ್ಮ ಪೆಟ್ಟಿಗೆ ಸೈಕಲ್ಲು ಅಂದಳು, ಮನೆಯಲ್ಲಿ ಅದೇ ಉಳಿಯಿತು. ಇಷ್ಟು ಅಗಲದ ವಸ್ತು ಕೊಚ್ಚಿಯ ಈ ಕಲೂರಿನ ಗಲ್ಲಿಗಳಲ್ಲಿ ತಿರುಗುವುದಿಲ್ಲ, ಮಳೆಗಾಲಕ್ಕೆ ಮರ ಊದಿಕೊಳ್ಳುತ್ತದೆ, ಬಸ್ಸಿನವರು ದಾರಿ ಬಿಡುವುದಿಲ್ಲ, ಹೀಗೆ ನನ್ನ ಪಟ್ಟಿ ಸಾಗಿತ್ತು. ಏಳನೆಯದೊಂದಿತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ: ನೋಡಿದವರು ನಗುತ್ತಾರೆ.

"ಮುಗೀತಾ?" ಅಂದಳು ಅಕ್ಕ. "ಮುಗಿದಿದ್ರೆ ಈ ಕಡೆ ಹಿಡ್ಕೋ. ಲಿಫ್ಟ್ ಪಕ್ಕಕ್ಕೆ ತಳ್ಳಬೇಕು."

ನಾವು ಮೈಸೂರಿನವರು. ಅಪ್ಪನಿಗೆ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ. ಅಲ್ಲಿಗೆ ವರ್ಗವಾಗಿ ಬಂದಾಗ ನನಗೆ ಎರಡು ವರ್ಷ, ಅಕ್ಕನಿಗೆ ಹನ್ನೆರಡು. ಹಾಗಾಗಿ ನನ್ನ ಮಲಯಾಳಂ ಹುಟ್ಟಿನಿಂದಲೇ ಬಂದ ಹಾಗೆ. ಅಕ್ಕನದು ಬ್ಯಾಂಕಿನ ಕೌಂಟರಿಗೆ ಸಾಕು, ಸಿಟ್ಟು ಬಂದರೆ ಮುಗ್ಗರಿಸುತ್ತದೆ. ಇನ್ನು ಅಮ್ಮನಿಗೆ ಮಲಯಾಳಂ ಬರುವುದೇ ಇಲ್ಲ ಎಂಬುದು ಮನೆಯ ನಂಬಿಕೆ. ತರಕಾರಿಯವನ ಹತ್ತಿರ ಎರಡು ಪದ, ಮಿಕ್ಕಿದ್ದೆಲ್ಲ ಕನ್ನಡ ಮತ್ತು ಕೈಸನ್ನೆ. ಅದನ್ನು ನಾವು ಇಪ್ಪತ್ತೆರಡು ವರ್ಷ ತಮಾಷೆ ಮಾಡಿಕೊಂಡೇ ಬಂದಿದ್ದೆವು.

ತಿರುವನಂತಪುರದ ಉಳ್ಳೂರಿನಲ್ಲಿ ನಮ್ಮ ಮನೆ ಇರುವುದು ರಸ್ತೆಯಿಂದ ಕಡಿದಾಗಿ ಇಳಿಯುವ ಓಣಿಯ ಕೊನೆಗೆ. ಅಮ್ಮನ ಮಂಡಿ ಕೈಕೊಟ್ಟ ಮೇಲೆ ಆ ಏರು ಅವಳಿಗೆ ಗೋಡೆಯಾಯಿತು. ಕೊಚ್ಚಿ ಸಪಾಟು. ಎರಡು ವಾರಕ್ಕೊಮ್ಮೆ ಶುಕ್ರವಾರದ ರೈಲಿಗೆ ಅಕ್ಕನ ಮನೆಗೆ ಬರುತ್ತಿದ್ದಳು. ಕಾನೂನು ಓದು ಮುಗಿಸಿ ಇಲ್ಲಿನ ವಕೀಲರೊಬ್ಬರ ಕೈಕೆಳಗೆ ಸೇರಿಕೊಂಡಿದ್ದ ನಾನೂ ಅಕ್ಕನ ಹಾಲಿನಲ್ಲೇ ಹಾಸಿಗೆ ಹಾಕಿಕೊಂಡಿದ್ದೆ. ಭಾವನಿಗೆ ಏಲೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಭಾನುವಾರವೂ ಸಿಗುವುದು ಅಪರೂಪ.

ಸೈಕಲ್ ಬಂದ ಮೊದಲ ಭಾನುವಾರವೇ ಅಮ್ಮ ಸ್ಟೂಲಿನ ಮೇಲೆ ಕಾಲಿಟ್ಟು ಪೆಟ್ಟಿಗೆಯೊಳಗೆ ಇಳಿದಳು. ಒಂದು ಕಡೆ ಅವಳು, ಎದುರಿಗೆ ಮೊಮ್ಮಕ್ಕಳು, ತುಳಿಯಲು ಅಕ್ಕ. ಹಿಂದಿನಿಂದ ನಾನು ಬಾಡಿಗೆ ಸ್ಕೂಟರಿನಲ್ಲಿ, ಇವರ ಜೊತೆಯವಳಲ್ಲ ಎನ್ನುವಷ್ಟು ದೂರ ಬಿಟ್ಟು.

ಸುತ್ತಲಿನ ಐದಾರು ಮನೆಗಳಲ್ಲಿ ಇಂಥ ಸೈಕಲ್ಲುಗಳಿದ್ದವು. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಕಾಯಲು ಎನ್ನುವ ಹಿನ್ನೀರಿನ ದಂಡೆಗೆ ಹೋಗುವುದು, ಅಲ್ಲೊಂದು ನಿಧಾನದ ಸ್ಪರ್ಧೆ. ಕೊನೆಗೆ ಮುಟ್ಟಿದವರು ಗೆದ್ದರು, ಕಾಲು ನೆಲಕ್ಕೆ ತಾಗಬಾರದು. ನಾನು ಬಿಡುತ್ತೇನೆಯೇ? "ಮೂರು ಗಾಲಿಯದು ಬೀಳೋದೇ ಇಲ್ಲ. ಸುಮ್ಮನೆ ನಿಂತವರೇ ಗೆದ್ದ ಹಾಗಾಯ್ತು. ಇದು ಸ್ಪರ್ಧೆನೇ ಅಲ್ಲ" ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಿಯಮ ಬದಲಿಸಿದರು: ಪೆಟ್ಟಿಗೆಯಲ್ಲಿ ಕೂತವರ ಕೈಯಲ್ಲಿ ತುಂಬಿದ ಲೋಟ, ನಿಲ್ಲುವಂತಿಲ್ಲ, ಚೆಲ್ಲುವಂತಿಲ್ಲ.

ಅಲ್ಲಿಂದ ಅಮ್ಮನನ್ನು ಸೋಲಿಸುವವರೇ ಇಲ್ಲವಾದರು. ಸೆರಗು ಸಿಕ್ಕಿಸಿ, ಮನೆಯಿಂದ ತಂದ ಸ್ಟೀಲ್ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಒಂದು ಕಣ್ಣು ನೀರಿನ ಮೇಲೆ, ಒಂದು ಕಣ್ಣು ದಾರಿಯ ಮೇಲೆ ಇಟ್ಟು ಅಕ್ಕನಿಗೆ ಅಪ್ಪಣೆ ಕೊಡುತ್ತಿದ್ದಳು: "ಹಳ್ಳ ಇದೆ, ಎಡಕ್ಕೆ ತಗೋ. ಅಷ್ಟು ಬಿಗಿಯಾಗಿ ಹಿಡೀಬೇಡ್ವೇ, ಎಮ್ಮೆ ಕಟ್ಟಿದೀಯಾ?" ಗೆದ್ದವರಿಗೆ ದಂಡೆಯ ಚಹಾದಂಗಡಿಯ ಬಾಣಲೆಯಿಂದ ಇಳಿದ ಮೊದಲ ಪಳಂಪೊರಿ. ಬಾಳೆಹಣ್ಣಿನ ಆ ಬಿಸಿ ಬಜ್ಜಿಯನ್ನು ಮೊಮ್ಮಕ್ಕಳಿಗೆ ಮುರಿದು ಕೊಡುವಾಗ ಅವಳ ಮುಖ ನೋಡಬೇಕಿತ್ತು. ನಾನು ನೋಡುತ್ತಿದ್ದುದು ದಾರಿಹೋಕರ ಮುಖವನ್ನು.

ತಿಂಗಳೆರಡು ಕಳೆದಿರಬೇಕು, ನಮ್ಮ ಕಟ್ಟಡದ ನಿವಾಸಿಗಳ ಸಭೆಗೆ ದೂರು ಬಂತು: ಲಿಫ್ಟಿನ ಪಕ್ಕದ ಸೈಕಲ್ಲು ಓಡಾಡಲು ಅಡ್ಡ, ತೆಗೆಸಬೇಕು. ಬೇರೆ ಜಾಗವಿಲ್ಲ. ಇಲ್ಲಿಂದ ತೆಗೆದರೆ ಹತ್ತು ನಿಮಿಷ ನಡೆಯುವ ದೂರದ ಗೆಳತಿಯ ಅಂಗಳದಲ್ಲಿ ಇಡಬೇಕು. ಮಕ್ಕಳನ್ನು ಹೊರಡಿಸುವ ಗಡಿಬಿಡಿಯಲ್ಲಿ ಅಕ್ಕ ಪ್ರತಿ ಸಲ ಹೋಗಿ ತರಲಾರಳು, ನಾನಂತೂ ಅದನ್ನು ತುಳಿದವಳೇ ಅಲ್ಲ. ಅಮ್ಮನ ಮಂಡಿಗೆ ಹತ್ತು ನಿಮಿಷ ಅಂದರೆ ಏನೆಂದು ನಮಗೆ ಗೊತ್ತಿತ್ತು.

"ನೀನೇ ಮಾತಾಡು," ಎಂದಳು ಅಕ್ಕ. "ನಂಗೆ ಅಳು ಬಂದ್ಬಿಡತ್ತೆ. ಇಷ್ಟು ವರ್ಷ ನಮ್ಮ ಜೊತೆ ವಾದ ಮಾಡಿ ತಲೆ ತಿಂದಿದೀಯಲ್ಲ, ಒಂದು ಸಲ ನಮ್ಮ ಪರವಾಗಿ ಮಾಡು."

ಕಾಲೇಜಿನ ಚರ್ಚಾ ತಂಡದಲ್ಲಿ ಐದು ವರ್ಷ ಪಳಗಿದವಳು ನಾನು. ಅಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಮಂಡಿಸು, ಆಮೇಲೆ ಕೆಡವು. ತೀರ್ಪುಗಾರರಿಗೆ ಅದು ತುಂಬ ಇಷ್ಟ. ಶನಿವಾರ ಸಂಜೆ ಕೆಳಗಿನ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದವರು ತೀರ್ಪುಗಾರರಲ್ಲ, ಚಹಾ ಬರುವುದನ್ನು ಕಾಯುತ್ತಿದ್ದ ಮೂವತ್ತು ಜನ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಕೊನೆಯ ಸಾಲಿನಲ್ಲಿ ಅಮ್ಮ, ಅವಳ ಎರಡು ಮಗ್ಗುಲಿಗೂ ಮಕ್ಕಳು.

ಎದ್ದು ನಿಂತು, ಮಲಯಾಳಂನಲ್ಲಿ, ವಿರೋಧಿಗಳ ಪರವಾಗಿ ಶುರು ಮಾಡಿದೆ. ಅಡ್ಡ ಆಗುತ್ತದೆ ಎಂದೆ. ಬೆಂಕಿ ಬಿದ್ದರೆ ಓಡಲು ದಾರಿ ಬೇಕು ಎಂದೆ. ಅದು ಅವರ ದೂರಿನಲ್ಲಿರಲೇ ಇಲ್ಲ, ನಾನೇ ಒದಗಿಸಿಕೊಟ್ಟೆ. ತಲೆಗಳು ಆಡಿದವು. ಆಮೇಲೆ ಒಬ್ಬರು ನಕ್ಕರು. ನಗು ಸಿಕ್ಕಿದ ಮೇಲೆ ನನ್ನನ್ನು ಹಿಡಿಯುವವರಿಲ್ಲ. "ಇದು ವಾಹನವೋ, ಮೆರವಣಿಗೆಯ ಪಲ್ಲಕ್ಕಿಯೋ?" ಎಂದೆ. "ಕಾಲಾಗದ ಮುದುಕಿಯೊಬ್ಬಳನ್ನು ಅಕ್ಕಿಮೂಟೆಯ ಹಾಗೆ ಪೆಟ್ಟಿಗೆಗೆ ಹಾಕಿಕೊಂಡು ಬೀದಿಬೀದಿ ತಿರುಗಿಸುವುದನ್ನು ಮರ್ಯಾದಸ್ಥರ ಕಟ್ಟಡ ಸಹಿಸಬೇಕೇ ಎಂದು ನೀವು ಕೇಳಬಹುದು." ಇಡೀ ಪಾರ್ಕಿಂಗ್ ನಕ್ಕಿತು.

"ಕೇಳಬಹುದು" ಎಂಬುದರ ಮೇಲೆ ನನ್ನ ಇಡೀ ವಾದ ನಿಂತಿತ್ತು. ಅದಾದ ಮೇಲೆ "ಆದರೆ" ಬರಬೇಕಿತ್ತು. ಆದರೆ ಎಂಬಲ್ಲಿಂದ ಒಂದೂವರೆ ಪುಟ ಬರೆದಿಟ್ಟಿದ್ದೆ.

ಅಷ್ಟರಲ್ಲಿ ಕಾರ್ಯದರ್ಶಿ ಎದ್ದರು, ಎರಡನೇ ಮಹಡಿಯ ನಿವೃತ್ತರು. "ಮೋಳ್ ಪರಞ್ಞದು ಶರಿಯಾ," ಎಂದರು. ಮಗಳು ಹೇಳಿದ್ದು ಸರಿ. "ಸ್ವಂತ ಮನೆಯವರೇ ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಮೇಲೆ ಚರ್ಚೆ ಯಾಕೆ?" ನಾನು "ಸಾರ್, ಇನ್ನೂ ಇದೆ" ಎಂದೆ. "ಸಾಕು ಮೋಳೇ, ಚೆನ್ನಾಗಿ ಹೇಳಿದೆ" ಎಂದರು. ಕೈಗಳು ಎದ್ದವು. ಹಿಂದಿನಿಂದ ಚಹಾದ ತಟ್ಟೆ ಬಂತು. ಒಂದು ವಾರದ ಗಡುವು.

ಲಿಫ್ಟಿನಲ್ಲಿ ನಾವು ಐದು ಜನ. ಅಕ್ಕ ಗೋಡೆ ನೋಡುತ್ತಿದ್ದಳು. ಚಿಕ್ಕ ಮಗು ನನ್ನ ಕೈ ಜಗ್ಗಿ ಕೇಳಿತು: "ಚಿಕ್ಕಮ್ಮಾ, ಅಜ್ಜಿ ಅರಿಚ್ಚಾಕ್ಕಾಣೋ?" ಅಜ್ಜಿ ಅಕ್ಕಿಮೂಟೆಯಾ?

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಟ್ಟಳು. "ಅಲ್ಲ ಮೋಳೇ. ಅರಿಚ್ಚಾಕ್ಕಿನು ಮುಟ್ಟುವೇದನ ಇಲ್ಲಲ್ಲೋ." ಅಕ್ಕಿಮೂಟೆಗೆ ಮಂಡಿನೋವು ಇರಲ್ಲವಲ್ಲ. ಎಲ್ಲೂ ತಡವರಿಸದ, ಉಳ್ಳೂರಿನ ಅಕ್ಕಪಕ್ಕದ ಹೆಂಗಸರು ಆಡುವಂಥದೇ ಮಲಯಾಳಂ. ಇಪ್ಪತ್ತೆರಡು ವರ್ಷ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳಿಗೆ ಬರದೆ ಇರಲು ಹೇಗೆ ಸಾಧ್ಯ? ಅಷ್ಟು ಸಣ್ಣ ಪ್ರಶ್ನೆಯನ್ನು ಎಲ್ಲವನ್ನೂ ಪ್ರಶ್ನಿಸುವ ನಾನು ಕೇಳಿಕೊಂಡಿರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಉಜ್ಜುತ್ತ, ತಿರುಗದೆ ಕೇಳಿದಳು. "ಅದು ನಿಜವಾಗ್ಲೂ ಅವರ ವಾದಾನಾ, ನಿನ್ನದಾ?"

"ತಂತ್ರ ಕಣೇ. ಮೊದಲು ಒಪ್ಪಿ ಆಮೇಲೆ..."

"ಒಂದೂವರೆ ಪುಟ ಬರೆದಿದ್ಯಲ್ಲ, ಅದನ್ನಾದ್ರೆ ಹಾಳೆ ನೋಡ್ಕೊಂಡೇ ಓದ್ಬೇಕು ನೀನು. ಇದನ್ನ ನೋಡದೇ ಹೇಳಿದೆ."

ಅವಳು ಹೇಳಿದ್ದು ಸರಿಯಾಗಿತ್ತು. ಅಕ್ಕಿಮೂಟೆಯ ಮಾತು ನನ್ನ ಹಾಳೆಯಲ್ಲಿ ಇರಲಿಲ್ಲ. ಸ್ಕೂಟರಿನಲ್ಲಿ ದೂರ ಬಿಟ್ಟು ಬರುವಾಗೆಲ್ಲ ಅದು ನನ್ನೊಳಗೇ ಇದ್ದಿರಬೇಕು, ನಗು ಕೇಳಿಸಿದ್ದೇ ಹೊರಗೆ ಬಂತು. ತಂತ್ರ ಎನ್ನುವುದು ನಾನು ಆಮೇಲೆ ಅದಕ್ಕೆ ಹೊದಿಸಿದ ಬಟ್ಟೆ.

ರಾತ್ರಿ ಊಟದ ಹೊತ್ತಿಗೆ ಅಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ, ಕ್ಷಮೆ ಎಂದು ಶುರು ಮಾಡಿ ವಿವರಣೆಗೆ ಹೊರಳಿದೆ. ಸಭೆಗಳಲ್ಲಿ ವಾದ ಹೇಗೆ ಕಟ್ಟುತ್ತಾರೆ ಎಂದು ಹೇಳತೊಡಗಿದೆ. ಅಮ್ಮ ಅನ್ನ ಕಲಸುತ್ತಿದ್ದಳು. "ಚೆನ್ನಾಗಿ ಮಾತಾಡಿದೆ ಬಿಡು," ಎಂದಳು. "ಎಲ್ರೂ ಕೇಳಿಸ್ಕೊಂಡ್ರು."

ಮರುದಿನ ಸವಾರಿಗೆ ಅವಳು ಇಳಿಯಲಿಲ್ಲ. ಸಂಜೆಯ ರೈಲಿಗೆ ಹೊರಟಳು.

ಎರಡು ವಾರದ ನಂತರ ಬಂದಳು. ಬರುವುದಿಲ್ಲವೇನೋ ಎಂದು ಹೆದರಿದ್ದೆ. ಸೈಕಲ್ಲು ಅಷ್ಟರಲ್ಲಿ ಗೆಳತಿಯ ಅಂಗಳ ಸೇರಿತ್ತು. ಭಾನುವಾರ ಎಲ್ಲರಿಗಿಂತ ಮೊದಲೆದ್ದು ಅಲ್ಲಿಗೆ ನಡೆದೆ. ನಾನು ಅದನ್ನು ತುಳಿದದ್ದು ಅವತ್ತೇ ಮೊದಲು. ತಿರುವಿನಲ್ಲಿ ಪೆಟ್ಟಿಗೆ ಒಂದು ಕಡೆ, ನಾನು ಒಂದು ಕಡೆ. ಮೀನಿನವನೊಬ್ಬ ನಿಂತು ನೋಡಿ ನಕ್ಕ. ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿ, ಸ್ಟೂಲು ಇಟ್ಟು ಕಾದೆ.

ಮಕ್ಕಳು ಹತ್ತಿದರು. ಅಮ್ಮ ಚೀಲವನ್ನು ಒಳಗಿಟ್ಟಳು, ಲೋಟವನ್ನು ದೊಡ್ಡವಳ ಕೈಗೆ ಕೊಟ್ಟಳು. ಸ್ಟೂಲಿನ ಕಡೆ ನೋಡಲಿಲ್ಲ.

"ಕೂತ್ಕೋ ಅಮ್ಮ."

"ಸಾಮಾನು ಇದೆಯಲ್ಲ ಒಳಗೆ. ನಾನು ನಡ್ಕೊಂಡು ಬರ್ತೀನಿ, ನೀವು ಹೋಗಿ."

ದೂರ ಎಷ್ಟು, ಡಾಕ್ಟರು ಏನು ಹೇಳಿದ್ದಾರೆ, ಬಿಸಿಲು ಏರುತ್ತಿದೆ, ಮೂರು ಅಂಶ ನಾಲಿಗೆಯ ತುದಿಯಲ್ಲಿದ್ದವು. ಮೂರೂ ಸರಿ. ನಾನು ಇನ್ನು ಅವಳಿಗೆ ಏನು ಹೇಳಿದರೂ ಅದು ಗೆಲ್ಲಲು ಹೇಳಿದಂತೆ ಕೇಳಿಸುತ್ತದೆ ಎನಿಸಿ ಬಾಯಿ ಮುಚ್ಚಿಕೊಂಡೆ. ಅವಳು ನಡೆದಳು. ನಾನು ಮೋಟಾರು ಆರಿಸಿ ಅವಳ ಹೆಜ್ಜೆಗೆ ಸರಿಯಾಗಿ ತುಳಿದೆ. ಅಕ್ಕ ಇನ್ನೊಂದು ಪಕ್ಕದಲ್ಲಿ ಬಂದಳು.

ಬಸ್ ನಿಲ್ದಾಣದ ತಿರುವಿಗೆ ಬರುವಷ್ಟರಲ್ಲಿ ಅಮ್ಮನ ಉಸಿರು ಕೇಳಿಸುತ್ತಿತ್ತು. ನಿಂತಳು. ಪೆಟ್ಟಿಗೆಯ ಅಂಚಿನ ಮೇಲೆ ಕೈ ಊರಿ ಮಂಡಿಯನ್ನು ಒಮ್ಮೆ ಮಡಚಿ ಬಿಡಿಸಿದಳು. ನಾನೂ ನಿಂತೆ. ಅವಳ ಕೈ ಅಂಚಿನ ಮೇಲೇ ಇತ್ತು. ಹತ್ತುತ್ತಾಳೆ ಎಂದುಕೊಂಡೆ. ಎದುರಿಗೆ ರಸ್ತೆ ದಾಟುವವರ ಗುಂಪು.

"ಬೆಲ್ ಹೊಡಿ," ಎಂದಳು, ಅವರ ಕಡೆ ನೋಡುತ್ತ. "ಜನ ಇದಾರೆ."

ಹೊಡೆದೆ. ಅವಳು ಕೈ ತೆಗೆಯಲಿಲ್ಲ, ಹತ್ತಲೂ ಇಲ್ಲ. ಅಂಚು ಹಿಡಿದುಕೊಂಡೇ ಪಕ್ಕದಲ್ಲಿ ನಡೆದಳು.