ಹಂಡೆಯ ತಳದ ಬಿಸಿನೀರು

ಕಿಲ್ಬರ್ನಿನಲ್ಲಿ ನಮ್ಮ ಪಕ್ಕದ ಮನೆಯವರು ಲಿಥುವೇನಿಯಾದ ರೂತಾ ಆಂಟಿ. ಮೊನ್ನೆ ತಮ್ಮ ಹಿತ್ತಲಿನ ಸೌನಾಕ್ಕೆ ಕರೆದಿದ್ದರು. ಸೌದೆ ಒಲೆಯ ಮೇಲೆ ಕಾದ ಕಲ್ಲಿನ ಉಗಿಯಲ್ಲಿ ಕೂರಿಸಿ, ಓಕ್ ಸೊಪ್ಪಿನ ಕಟ್ಟಿನಿಂದ ಬೆನ್ನು ಬಡಿದರು. ಕೊನೆಗೆ ಒಂದು ಬಕೆಟ್ ಬಿಸಿನೀರನ್ನು ಒಳಗೇ ಬಿಟ್ಟು ಬಾಗಿಲೆಳೆದರು.

‘ಯಾರಿಗೆ ಆಂಟಿ?’ ಎಂದೆ.

‘ತೀರಿಕೊಂಡ ನಮ್ಮವರಿಗೆ. ಅವರೂ ಮೀಯಬೇಕಲ್ಲ,’ ಎಂದರು ಇಂಗ್ಲಿಷಿನಲ್ಲಿ.

ಮೈಗಂಟಿದ್ದ ಸೌದೆಹೊಗೆಯ ವಾಸನೆಗೆ ಮೈಸೂರಿನ ಬಚ್ಚಲುಮನೆ ಕಣ್ಮುಂದೆ ಬಂತು. ಅಜ್ಜಿ ನಮಗೆಲ್ಲ ಎಣ್ಣೆ ಹಚ್ಚಿ, ಸೀಗೆಪುಡಿ ಉಜ್ಜಿ, ನೀರೆರೆದು, ಹಂಡೆಯ ತಳದಲ್ಲಿ ಎರಡು ಚೊಂಬು ಉಳಿಸುತ್ತಿದ್ದಳು. ಒಂದು ದೀಪಾವಳಿಯಂದು ನಾನು ಅದನ್ನೂ ಸುರಿದುಕೊಂಡುಬಿಟ್ಟೆ.

‘ಅಯ್ಯೋ, ಅದು ನಿಮ್ ತಾತಂದು ಕಣೇ!’

ನಾನು ನೋಡಿಯೇ ಇರದ ತಾತನಿಗಾಗಿ ಅಜ್ಜಿ ಮತ್ತೆ ಒಲೆ ಉರಿಸಿ, ನೀರು ಕಾಯುವವರೆಗೂ ಕೂತಿದ್ದಳು.

ಅಜ್ಜಿ ಹೋದಮೇಲೆ ಅವಳಿಗಾಗಿ ಯಾರೂ ನೀರು ಉಳಿಸಿಲ್ಲ. ಶವರಿನಲ್ಲಿ ಉಳಿಸುವುದಾದರೂ ಎಲ್ಲಿ?

ಆಂಟಿಯನ್ನು ಕೇಳಿ ಮತ್ತೆ ಬಾಗಿಲು ತೆರೆದೆ. ಬಕೆಟಿಗೆ ಇನ್ನೆರಡು ಚೊಂಬು ನೀರು ಹಾಕಿದೆ, ಅಜ್ಜಿಗೆ ಬೇಕಾದಷ್ಟು ಸುಡುಸುಡು.